ಉಂಗುರ ಸಡಿಲವಾದ ಮೇಲೆ

ಬೆರಳಿನ ಉಂಗುರ ಬಿಗಿಯಾಗುವುದು ಸಂಸಾರಸ್ಥರಿಗೆ ಹೊಸ ಸಂಗತಿಯೇನೂ ಅಲ್ಲ. ನಲವತ್ತು ದಾಟಿದ ಮೇಲೆ ಮೈ ತುಂಬಿಕೊಳ್ಳುತ್ತದೆ; ಮದುವೆಯಲ್ಲಿ ಮಾವನ ಮನೆಯವರು ತೊಡಿಸಿದ ಉಂಗುರವನ್ನು ಸಾಬೂನಿನ ನೊರೆ ಹಚ್ಚಿ ತಿರುಚಿ ತೆಗೆಯಬೇಕಾಗುತ್ತದೆ; ಅಕ್ಕಸಾಲಿಗನು ಅದನ್ನು ಕತ್ತರಿಸಿ, ಗುಲಗಂಜಿಯಷ್ಟು ಚಿನ್ನವನ್ನು ಸೇರಿಸಿ ಬೆಸೆದುಕೊಡುತ್ತಾನೆ. ಮನೆಯಾಕೆ ಒಂದಿಷ್ಟು ಪರಿಹಾಸ್ಯ ಮಾಡುತ್ತಾಳೆ. ಅಲ್ಲಿಗೆ ಆ ಪ್ರಕರಣ ಮುಗಿಯುತ್ತದೆ.

ಆದರೆ ಉಂಗುರದೊಡನೆ ಚಪ್ಪಲಿಯೂ ಬಿಗಿಯಾದರೆ? ಏಳನೆಯ ನಂಬರಿನ ಕಾಲಿಗೆ ಎಂಟು, ಎಂಟು ಹೋಗಿ ಒಂಬತ್ತು ಬೇಕಾದರೆ? ಕೆಳದವಡೆ ಮುಂದೆ ಚಾಚಿ, ಹಲ್ಲುಗಳ ನಡುವೆ ಸಂದು ಬಿದ್ದು, ಮೂಗು ತುಟಿಗಳು ದಪ್ಪವಾಗಿ, ಧ್ವನಿ ಗಡುಸಾಗಿ, ರಾತ್ರಿಯ ಗೊರಕೆ ಪಕ್ಕದ ಕೋಣೆಗೂ ಕೇಳಿಸತೊಡಗಿದರೆ? ಈ ಮಾರ್ಪಾಟುಗಳೆಲ್ಲ ಎಷ್ಟು ನಿಧಾನವಾಗಿ ಬರುತ್ತವೆಯೆಂದರೆ, ದಿನವೂ ನೋಡುವ ಕಣ್ಣಿಗೆ ಅವು ಕಾಣುವುದೇ ಇಲ್ಲ. ಹತ್ತು ವರ್ಷಗಳ ಮೇಲೆ ಬಂದ ನೆಂಟನೊಬ್ಬನು ಬಾಗಿಲಲ್ಲೇ ನಿಂತು, “ಇದೇನು, ಗುರುತೇ ಸಿಗಲಿಲ್ಲವಲ್ಲ!” ಎಂದಾಗಲೇ ಮನೆಯವರು ಬೆಚ್ಚಿಬೀಳುವುದು.

ಭಟ್ಕಳದಂಥ ಊರಿನಲ್ಲಿ ಆ ನೆಂಟನ ಕೆಲಸವನ್ನು ಪಾಸ್‌ಪೋರ್ಟೇ ಮಾಡಬಲ್ಲದು. ಅಲ್ಲಿಯ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುವವರು. ಹತ್ತು ವರ್ಷಕ್ಕೊಮ್ಮೆ ಪಾಸ್‌ಪೋರ್ಟು ಹೊಸದಾಗುತ್ತದೆ. ಹಳೆಯದು ಮೂಲೆ ಕತ್ತರಿಸಿಕೊಂಡು ಕಪಾಟು ಸೇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟರೆ ಹತ್ತು ವರ್ಷಗಳ ಕಾಲ ಕನ್ನಡಿ ಮುಚ್ಚಿಟ್ಟದ್ದನ್ನು ಆ ಎರಡು ಭಾವಚಿತ್ರಗಳು ಒಂದು ಕ್ಷಣದಲ್ಲಿ ಬಯಲು ಮಾಡುತ್ತವೆ. ಈ ರೋಗವನ್ನು ಶಂಕಿಸಿದ ವೈದ್ಯನು ಮೊದಲು ಕೇಳುವ ವಸ್ತುಗಳಲ್ಲಿ ಹಳೆಯ ಭಾವಚಿತ್ರವೂ ಒಂದು. ರೋಗದ ಹೆಸರು ಆಕ್ರೊಮೆಗಲಿ. 1886ರಲ್ಲಿ ಪಿಯರ್ ಮಾರಿ ಎಂಬ ಫ್ರೆಂಚ್ ವೈದ್ಯನು ಇಟ್ಟ ಹೆಸರು ಅದು. ಕೈಕಾಲಿನ ತುದಿಗಳು ದೊಡ್ಡದಾಗುವ ಬೇನೆ ಎಂಬಷ್ಟೇ ಅದರ ಅರ್ಥ.

ತುದಿಯಲ್ಲಿ ಕಾಣಿಸಿಕೊಳ್ಳುವ ಈ ಬೇನೆಯ ಬೇರು ಇರುವುದು ಮಾತ್ರ ತಲೆಯ ನಟ್ಟನಡುವೆ. ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ, ಕುದುರೆಯ ಜೀನಿನಂತೆ ತಗ್ಗಾಗಿರುವ ಒಂದು ಎಲುಬಿನ ಗೂಡಿದೆ. ಅಂಗರಚನಾಶಾಸ್ತ್ರದವರು ಅದನ್ನು ‘ತುರ್ಕಿಯ ಜೀನು’ ಎಂದೇ ಕರೆದರು. ಆ ಗೂಡಿನಲ್ಲಿ ಬಟಾಣಿಕಾಳಿನ ಗಾತ್ರದ, ಅರ್ಧ ಗ್ರಾಮಿನಷ್ಟು ತೂಕದ ಪಿಟ್ಯುಟರಿ ಗ್ರಂಥಿ ತೂಗಿಕೊಂಡಿದೆ. ಮಿದುಳಿನ ಕಫ ಇದರ ಮೂಲಕವೇ ಮೂಗಿಗೆ ಇಳಿಯುತ್ತದೆಂದು ಪ್ರಾಚೀನ ಯೂರೋಪಿನ ಪಂಡಿತರು ನಂಬಿದ್ದರು. ‘ಪಿಟ್ಯುಟರಿ’ ಎಂಬ ಹೆಸರು ಲ್ಯಾಟಿನ್ನಿನ ಕಫವಾಚಕ ಪದದಿಂದಲೇ ಬಂದದ್ದು. ನಂಬಿಕೆ ಸುಳ್ಳಾಯಿತು. ಆದರೆ ಮೂಗಿಗೂ ಈ ಗ್ರಂಥಿಗೂ ದಾರಿಯುಂಟೆಂಬ ಮಾತು ಬೇರೊಂದು ಬಗೆಯಲ್ಲಿ ನಿಜವಾಯಿತು. 1907ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯನು ಮೂಗಿನ ಕಡೆಯಿಂದಲೇ ಒಳಹೊಕ್ಕು ಈ ಗ್ರಂಥಿಯ ಗಡ್ಡೆಯನ್ನು ತೆಗೆದನು. ಅಮೆರಿಕದ ಹಾರ್ವಿ ಕುಶಿಂಗ್ ಆ ದಾರಿಯನ್ನು ಹಸನುಗೊಳಿಸಿ, ಕೊನೆಗೆ ತಾನೇ ಅದನ್ನು ಕೈಬಿಟ್ಟನು. ಎಡಿನ್‌ಬರೋದ ನಾರ್ಮನ್ ಡಾಟ್ ಅದನ್ನು ಕೈಬಿಡದೆ ಉಳಿಸಿಕೊಂಡನು. ಅವನಿಂದ ಪ್ಯಾರಿಸ್ಸಿನ ಗಿಯೊ, ಗಿಯೊನಿಂದ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ, ಹೀಗೆ ಗುರುಶಿಷ್ಯ ಪರಂಪರೆಯಲ್ಲಿ ಆ ವಿದ್ಯೆ ಬದುಕಿ ಬಂದಿತು. ಇಂದು ಸಣ್ಣ ದೂರದರ್ಶಕ ನಳಿಕೆಯನ್ನು ಹೊಳ್ಳೆಯಲ್ಲಿ ತೂರಿಸಿ ಮಾಡುವ ಶಸ್ತ್ರಕ್ರಿಯೆಗೆ ಮುಖದ ಮೇಲೆ ಒಂದು ಗೀರೂ ಬೀಳುವುದಿಲ್ಲ.

ಗಡ್ಡೆಯೆಂದ ಕೂಡಲೆ ಗಾಬರಿಪಡಬೇಕಾಗಿಲ್ಲ. ಬೇರೆ ಕಾರಣದಿಂದ ಸತ್ತವರ ತಲೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಹತ್ತರಷ್ಟು ಮಂದಿಯಲ್ಲಾದರೂ ಈ ಗ್ರಂಥಿಯಲ್ಲಿ ಕಿರುಗಡ್ಡೆಗಳು ಕಂಡಿವೆ. ಅವರಲ್ಲಿ ಬಹುಮಂದಿ ಅದರ ಸುಳಿವೇ ಇಲ್ಲದೆ ಬಾಳಿ ಹೋದವರು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸುರಿಸುವ ಗಡ್ಡೆಗಳು ಹೆಚ್ಚಾಗಿ ಗುಳಿಗೆಗೇ ಕುಗ್ಗುತ್ತವೆ. ಯಾವ ಹಾರ್ಮೋನನ್ನೂ ಸುರಿಸದೆ ಸುಮ್ಮನೆ ಬೆಳೆಯುವ ಜಾತಿಯೊಂದಿದೆ. ಅದು ಮೇಲಕ್ಕೆದ್ದು ಕಣ್ಣಿನ ನರಗಳು ಕೂಡುವ ಸ್ಥಳವನ್ನು ಒತ್ತುವುದರಿಂದ ಎದುರಿನದು ಕಾಣುತ್ತದೆ, ಎರಡು ಪಕ್ಕದ್ದು ಮಾಯವಾಗುತ್ತದೆ. ಬೆಳವಣಿಗೆಯ ಹಾರ್ಮೋನನ್ನು ಮಿತಿಮೀರಿ ಸುರಿಸುವ ಗಡ್ಡೆಯೇ ಉಂಗುರ ಬಿಗಿಯಾಗಿಸುವಂಥದು. ಅದಕ್ಕೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯೇ.

ಹೊನ್ನಾವರದ ಆಸುಪಾಸಿನ ಯಾವುದೋ ಪ್ರೌಢಶಾಲೆಯ ಮಾಸ್ತರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಆ ಸೀಮೆಯಲ್ಲಿ ಉಪಾಧ್ಯಾಯರೆಂದರೆ ಮಾಸ್ತರೇ. ವಯಸ್ಸು ನಲವತ್ತಾರು. ಉಂಗುರವನ್ನು ಎರಡು ಸಲ ಕತ್ತರಿಸಿ ಬೆಸೆದದ್ದಾಯಿತು. ಮಧುಮೇಹಕ್ಕೆಂದು, ರಕ್ತದ ಒತ್ತಡಕ್ಕೆಂದು, ಕೀಲುನೋವಿಗೆಂದು ಬೇರೆಬೇರೆ ಗುಳಿಗೆಗಳನ್ನು ನುಂಗಿದ್ದಾಯಿತು. ಕೊನೆಗೆ ಒಬ್ಬ ತರುಣ ವೈದ್ಯನು ಅವರ ಕೈಕುಲುಕಿದವನು ಕೈಯನ್ನು ಬಿಡದೆ ಹಾಗೆಯೇ ತಿರುಗಿಸಿ ನೋಡಿದನು. ಮುಂದೆ ನಡೆದದ್ದು ನಡೆಯಬೇಕಾದಂತೆಯೇ ನಡೆಯಿತು. ಮಣಿಪಾಲವೋ, ಮಂಗಳೂರೋ, ಬೆಂಗಳೂರಿನ ನಿಮ್ಹಾನ್ಸೋ, ಯಾವುದಾದರೂ ಆಗಲಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯಾಗಿ ಮಾಸ್ತರು ಮನೆಗೆ ಬಂದರು.

ಬಂದ ಕೆಲವೇ ದಿನಗಳಲ್ಲಿ ಉಂಗುರ ಸಡಿಲವಾಯಿತು! ಇದು ಕವಿಕಲ್ಪನೆಯಲ್ಲ. ಹಾರ್ಮೋನು ಇಳಿದ ಕೂಡಲೆ ಬೆರಳಿನ ಮೆತ್ತನೆಯ ಊತ ಇಳಿಯುವುದನ್ನು ರೋಗಿಗಳು ತಾವೇ ಕಂಡು ಹೇಳುತ್ತಾರೆ. ಬೆಳೆದ ಎಲುಬು ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಮಾಸ್ತರ ಮನೆಯಲ್ಲಿ ಅಂದು ಹಬ್ಬ. ದೇವರ ಮುಂದೆ ತುಪ್ಪದ ದೀಪ, ಎಲೆಯ ತುದಿಯಲ್ಲಿ ಪಾಯಸ.

ಎರಡು ವಾರಗಳ ಮೇಲೆ ಆಸ್ಪತ್ರೆಯಿಂದ ಸೂಕ್ಷ್ಮದರ್ಶಕ ಪರೀಕ್ಷೆಯ ವರದಿ ಬಂದಿತು. ಅದರಲ್ಲಿ ಕೆಲವು ಅಂಕಿಗಳು, ‘ಗ್ರೇಡ್’ ಎಂಬ ಮಾತು. ಮಾಸ್ತರ ಭಾವನಾದವನು ಓದಿ ಮುಖ ಸಣ್ಣಗೆ ಮಾಡಿ, “ಅಕ್ಕಾ, ಗ್ರೇಡ್ ಅಂದರೆ ಕ್ಯಾನ್ಸರಿನ ಮಾತಲ್ಲವೇ?” ಎಂದನು. ಮಾಸ್ತರು ತಾವೇ ಉಂಗುರವನ್ನು ಬೆರಳಿನಲ್ಲಿ ಗಿರ್ರನೆ ತಿರುಗಿಸಿ ತೋರಿಸಿ, “ಎಂಥ ಗ್ರೇಡು ಮಾರಾಯ! ಇದಕ್ಕಿಂತ ದೊಡ್ಡ ವರದಿ ಉಂಟೇ?” ಎಂದರು. ಒಬ್ಬನದು ಭಯ, ಇನ್ನೊಬ್ಬರದು ಧೈರ್ಯ. ಕಾಗದದಲ್ಲಿ ಬರೆದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅದರಲ್ಲಿ ಬರೆದದ್ದಾದರೂ ಏನು? ಗಡ್ಡೆಗೆ ದರ್ಜೆ ಕೊಡುವ ಪದ್ಧತಿ ಒಂದೇ ದಿನ ಹುಟ್ಟಿದುದಲ್ಲ. ಮೊದಲಿನ ದರ್ಜೆಗಳು ಎಲುಬನ್ನು ನೋಡಿದವು. ಮೇಲೆ ಹೇಳಿದ ಹಾರ್ಡಿಯು 1960ರ ದಶಕದ ಕೊನೆಯಲ್ಲಿ, ಎಕ್ಸ್‌ರೇ ಚಿತ್ರದಲ್ಲಿ ತುರ್ಕಿಯ ಜೀನು ಹೇಗಿದೆಯೆಂಬುದರ ಮೇಲೆ ಗಡ್ಡೆಗಳನ್ನು ವಿಂಗಡಿಸಿದನು: ಗೂಡು ಕೆಡದೆ ಉಳಿದಿದೆಯೋ, ಉಬ್ಬಿದೆಯೋ, ಒಂದು ಕಡೆ ಸವೆದಿದೆಯೋ, ಪೂರ್ತಿ ಪುಡಿಯಾಗಿದೆಯೋ. ಎಂ.ಆರ್.ಐ. ಬಂದ ಮೇಲೆ ಮೆತ್ತನೆಯ ಭಾಗಗಳೂ ಕಾಣತೊಡಗಿದವು. 1993ರಲ್ಲಿ ವಿಯೆನ್ನಾದ ಎಂಗೆಲ್ಬರ್ಟ್ ಕ್ನೋಸ್ಪ್ ಮತ್ತು ಸಂಗಡಿಗರು ಹಾಕಿಕೊಟ್ಟ ದರ್ಜೆಯೇ ಇಂದು ಹೆಚ್ಚಿನ ವರದಿಗಳಲ್ಲಿ ಕಾಣುವುದು.

ಹೊನ್ನಾವರದವರಿಗೆ ಅದನ್ನು ವಿವರಿಸುವುದು ಸುಲಭ. ಶರಾವತಿಯ ನಡುವೆ ಮಾವಿನಕುರ್ವೆಯೆಂಬ ನಡುಗಡ್ಡೆಯಿದೆ. ಪಿಟ್ಯುಟರಿಯ ಎರಡು ಪಕ್ಕಗಳಲ್ಲಿಯೂ ಇಂಥ ಒಂದೊಂದು ನಡುಗಡ್ಡೆಯಿದೆಯೆಂದು ತಿಳಿಯಬೇಕು: ಮಿದುಳಿಗೆ ನೆತ್ತರನ್ನು ಒಯ್ಯುವ ಮಹಾಧಮನಿ ಅಲ್ಲಿ ಡೊಂಕಾಗಿ ಹಾಯುವುದರಿಂದ, ಅಡ್ಡ ಕೊಯ್ದ ಚಿತ್ರದಲ್ಲಿ ಅದು ದುಂಡಗಿನ ನಡುಗಡ್ಡೆಯಾಗಿ ಕಾಣುತ್ತದೆ. ಗಡ್ಡೆಯೆಂಬುದು ಮಳೆಗಾಲದ ನೆರೆ. ನೆರೆ ನಡುಗಡ್ಡೆಯ ಈಚೆಯ ಅಂಚನ್ನೂ ಮುಟ್ಟದಿದ್ದರೆ ದರ್ಜೆ ಸೊನ್ನೆ. ಈಚೆಯ ಅಂಚನ್ನು ದಾಟಿದರೂ ನಡುಗೆರೆಯ ತನಕ ಬಾರದಿದ್ದರೆ ಒಂದು. ನಡುಗೆರೆಯನ್ನು ದಾಟಿ ಆಚೆಯ ಅಂಚಿನೊಳಗೇ ನಿಂತರೆ ಎರಡು. ಆಚೆಯ ಅಂಚನ್ನೂ ಮೀರಿ ಹಬ್ಬಿದರೆ ಮೂರು. ನಾಲ್ಕು ದಿಕ್ಕಿನಿಂದಲೂ ನೀರು ಸುತ್ತುವರಿದು ಕುರ್ವೆ ಒಂಟಿಯಾಗಿ ನಿಂತರೆ ನಾಲ್ಕು.

ಈ ಗೆರೆಗಳು ಶಸ್ತ್ರವೈದ್ಯನಿಗೆ ಏಕೆ ಮುಖ್ಯವೆಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ. ಧಮನಿಯ ಮಗ್ಗುಲಲ್ಲಿ ಕಣ್ಣುಗುಡ್ಡೆಯನ್ನು ಆಡಿಸುವ ನರಗಳೂ ಹಾಯುತ್ತವೆ; ಅಲ್ಲಿ ಕೈ ಒಂದಿಷ್ಟು ಜಾರಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಬುದ್ಧಿವಂತನಾದ ಶಸ್ತ್ರವೈದ್ಯನು ಒಂದು ಚೂರನ್ನು ಅಲ್ಲೇ ಬಿಟ್ಟು ಬರುವುದುಂಟು. ಬಿಟ್ಟು ಬಂದನೆಂದು ಅವನನ್ನು ಬೈಯುವವರು ಆ ನಡುಗಡ್ಡೆಯನ್ನು ನೆನೆಯಬೇಕು. 2015ರಲ್ಲಿ ವಿಯೆನ್ನಾದವರೇ 137 ದೊಡ್ಡ ಗಡ್ಡೆಗಳನ್ನು ಮತ್ತೆ ಪರಿಶೀಲಿಸಿ, ಚಿತ್ರದಲ್ಲಿ ಕಂಡ ದರ್ಜೆಯನ್ನು ಶಸ್ತ್ರಕ್ರಿಯೆಯಲ್ಲಿ ಕಣ್ಣಾರೆ ಕಂಡದ್ದರೊಡನೆ ತಾಳೆನೋಡಿದರು. ಗಡ್ಡೆ ನಿಜವಾಗಿಯೂ ಪಕ್ಕದ ಕುಹರದೊಳಕ್ಕೆ ನುಗ್ಗಿದ್ದುದು ಒಂದನೆಯ ದರ್ಜೆಯಲ್ಲಿ ನೂರಕ್ಕೆ ಒಂದೂವರೆ, ಎರಡನೆಯದರಲ್ಲಿ ಸುಮಾರು ಹತ್ತು. ಮೂರನೆಯದನ್ನು ಅವರು ಎರಡಾಗಿ ಸೀಳಿದರು: ಧಮನಿಯ ಮೇಲುಗಡೆಯಿಂದ ಹಬ್ಬಿದ 3ಎಯಲ್ಲಿ ಸುಮಾರು 26, ಕೆಳಗಡೆಯಿಂದ ಹಬ್ಬಿದ 3ಬಿಯಲ್ಲಿ ಸುಮಾರು 71. ನಾಲ್ಕನೆಯದರಲ್ಲಿ ನೂರಕ್ಕೆ ನೂರು.

ಇದು ಗಡ್ಡೆ ಎಲ್ಲಿ ಕುಳಿತಿದೆಯೆಂಬ ಮಾತಾಯಿತು. ಅದರ ಸ್ವಭಾವ ಎಂಥದೆಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಸೂಕ್ಷ್ಮದರ್ಶಕದ ಕೆಳಗಿದೆ. ವಿಭಾಗವಾಗುತ್ತಿರುವ ಜೀವಕೋಶಗಳಲ್ಲಿ ಕಾಣಿಸಿಕೊಳ್ಳುವ ಒಂದು ಸಸಾರಜನಕಕ್ಕೆ ಕೆಐ-67 ಎಂದು ಹೆಸರು. ಜರ್ಮನಿಯ ಕೀಲ್ ಪಟ್ಟಣದಲ್ಲಿ ಅದನ್ನು ಗುರುತಿಸಿದುದರಿಂದ ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ನೂರು ಕೋಶಗಳಲ್ಲಿ ಮೂರು ಅಥವಾ ಹೆಚ್ಚು ಆ ಬಣ್ಣವನ್ನು ಹಿಡಿದರೆ ಗಡ್ಡೆ ಅವಸರದ್ದೆಂದು ಸಂಶಯ. ಕೋಶಗಳು ಇಬ್ಭಾಗವಾಗುತ್ತಿರುವ ದೃಶ್ಯ ಎಷ್ಟು ಸಲ ಸಿಕ್ಕಿತು, ಪಿ53 ಎಂಬ ಇನ್ನೊಂದು ಸಸಾರಜನಕ ಕಂಡಿತೇ, ಎಂಬ ಎರಡು ಸಾಕ್ಷಿಗಳೂ ಉಂಟು. ಫ್ರಾನ್ಸಿನ ಲಿಯೋನ್ ನಗರದ ಜ್ಯಾಕ್ಲಿನ್ ಟ್ರುಯಾಸ್ ಎಂಬ ವಿದುಷಿ ಮತ್ತು ಆಕೆಯ ಸಹೋದ್ಯೋಗಿಗಳು 2013ರಲ್ಲಿ ಇವೆಲ್ಲವನ್ನೂ ಒಂದುಗೂಡಿಸಿದರು. ಪಕ್ಕಕ್ಕೆ ನುಗ್ಗದ ಗಡ್ಡೆ ಒಂದನೆಯ ದರ್ಜೆ, ನುಗ್ಗಿದ್ದು ಎರಡನೆಯದು. ಮೂರು ಸಾಕ್ಷಿಗಳಲ್ಲಿ ಎರಡಾದರೂ ಅವಸರವನ್ನು ಸಾರಿದರೆ ಅಂಕಿಯ ಮುಂದೆ ‘ಬಿ’, ಇಲ್ಲವಾದರೆ ‘ಎ’. ದೇಹದ ಬೇರೆ ಕಡೆಗೆ ಬೀಜ ಬಿತ್ತಿದ ಗಡ್ಡೆ ಮಾತ್ರ ಮೂರನೆಯದು. ಅದು ತೀರ ಅಪರೂಪ.

410 ರೋಗಿಗಳ ಎಂಟು ವರ್ಷಗಳ ವೃತ್ತಾಂತವನ್ನು ಹಿಡಿದು ಅವರು ಈ ದರ್ಜೆಯನ್ನು ಒರೆಗೆ ಹಚ್ಚಿದರು. 1ಎ ದರ್ಜೆಯವರಿಗೆ ಹೋಲಿಸಿದರೆ 2ಬಿ ದರ್ಜೆಯವರಲ್ಲಿ ರೋಗ ಉಳಿದುಬಿಡುವ ಸಂಭವ 25 ಪಟ್ಟು, ಗಡ್ಡೆ ಮರುಕಳಿಸುವ ಅಥವಾ ಬೆಳೆಯುವ ಸಂಭವ 12 ಪಟ್ಟು ಎಂದು ಲೆಕ್ಕ ಸಿಕ್ಕಿತು. ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ, ಒಂದೇ ಕೈಯಿಂದ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಇಬ್ಬರೂ ಸಡಿಲವಾದ ಉಂಗುರ ತೊಟ್ಟು ಮನೆಗೆ ಹೋದ ಇಬ್ಬರು ರೋಗಿಗಳ ನಡುವಣ ಅಂತರ ಇದು.

ವೈದ್ಯರಲ್ಲಿ ಈ ವಿಷಯವಾಗಿ ಏಕಾಭಿಪ್ರಾಯವಿದೆಯೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಅಸಾಧಾರಣ ಅಡಿನೋಮ’ ಎಂಬ ತನ್ನ ಹಳೆಯ ಪಂಗಡವನ್ನೇ ಕೈಬಿಟ್ಟಿತು. 2022ರ ವರ್ಗೀಕರಣದಲ್ಲಿ ದರ್ಜೆಗಿಂತ ಹೆಚ್ಚಾಗಿ ಗಡ್ಡೆಯ ಕೋಶ ಯಾವ ವಂಶದ್ದೆಂಬುದಕ್ಕೆ ಮಹತ್ವ ಕೊಟ್ಟಿತು. ಅದರೊಡನೆ ‘ಅಡಿನೋಮ’ ಎಂಬ ಹೆಸರಿಗೆ ಬದಲು ‘ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್’ ಎಂಬ ಉದ್ದನೆಯ ಹೆಸರೂ ಬಂದಿತು. ಹೆಸರು ಬದಲಾದ ಮಾತ್ರಕ್ಕೆ ಗಡ್ಡೆಯ ಗುಣ ಬದಲಾಗುವುದಿಲ್ಲ; ಅನೇಕ ವೈದ್ಯರು, ರೋಗಿಗಳು ವೃಥಾ ಬೆದರುತ್ತಾರೆಂದು ಈ ಹೊಸ ನಾಮಕರಣವನ್ನು ಆಕ್ಷೇಪಿಸಿಯೂ ಇದ್ದಾರೆ. ಮಾಸ್ತರ ಭಾವನನ್ನು ಕಂಡರೆ ಆ ಆಕ್ಷೇಪದಲ್ಲಿ ಹುರುಳಿದೆಯೆಂದೇ ತೋರುತ್ತದೆ.

ಹಾಗಾದರೆ ದರ್ಜೆಯಿಂದ ಮಾಸ್ತರಿಗೆ ಏನು ಲಾಭ? ಇಲ್ಲಿಗೆ ಪ್ರಶ್ನೆ ವಿಯೆನ್ನಾ, ಲಿಯೋನ್‌ಗಳನ್ನು ಬಿಟ್ಟು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬರುತ್ತದೆ. ಮಣಿಪಾಲಕ್ಕೆ ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಹೊನ್ನಾವರದಿಂದ 130, ಕುಮಟಾದಿಂದ 150. ಮಂಗಳೂರೆಂದರೆ ಇನ್ನೂ ಅರವತ್ತು ಮುಂದೆ. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಆಷಾಢದಲ್ಲಿ ಘಟ್ಟದ ದಾರಿಯನ್ನು ನಂಬುವಂತಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಂದಿನಿಂದ ಮೂರು ಊರುಗಳಿಗೂ ನಿಲ್ದಾಣವುಂಟೆಂಬುದೊಂದು ಸಮಾಧಾನ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸೊಂದು ಶಿರೂರಿನ ಟೋಲ್ ಕಟ್ಟೆಯ ಬಳಿ ಉರುಳಿ ನಾಲ್ವರು ಸತ್ತರು. ಮಳೆಯಲ್ಲಿ ಆ ವಾಹನ ಜಾರಿ ತಿರುಗಿದ ಚಿತ್ರವನ್ನು ನೋಡದವರಿಲ್ಲ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಬಹುಕಾಲದ ಕೂಗು ಆ ದಿನಗಳಲ್ಲಿ ಆಕ್ರಂದನವೇ ಆಯಿತು.

ಇಂಥ ಸೀಮೆಯ ಮನುಷ್ಯನಿಗೆ “ಮೂರು ತಿಂಗಳಿಗೆ ಬನ್ನಿ, ಆಮೇಲೆ ಆರು ತಿಂಗಳಿಗೆ ಬನ್ನಿ” ಎಂಬ ಮಾತು ಸಲೀಸಾದುದಲ್ಲ. ಒಂದು ಸಲ ಹೋಗಿ ಬರುವುದೆಂದರೆ ಮಾಸ್ತರಿಗೆ ರಜೆ, ಜೊತೆಗೆ ಹೋಗುವ ಮಗನಿಗೆ ಕೂಲಿಯಷ್ಟೇ ನಷ್ಟ, ಊಟ, ವಸತಿ, ಪರೀಕ್ಷೆಯ ಹಣ. ಆದ್ದರಿಂದಲೇ ಉಂಗುರ ಸಡಿಲವಾದ ಕೂಡಲೆ ಪಯಣ ನಿಂತುಹೋಗುವುದು. ಆದರೆ ಹಾರ್ಮೋನು ಅರ್ಧಕ್ಕೆ ಇಳಿದರೂ ಉಂಗುರ ಸಡಿಲವಾದೀತು! ಉಳಿದರ್ಧ ಹೃದಯವನ್ನೂ ಕೀಲುಗಳನ್ನೂ ಮೊದಲಿನಂತೆಯೇ ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಅದನ್ನು ಹೇಳಬಲ್ಲುದು ಶಸ್ತ್ರಕ್ರಿಯೆಯಾದ ಸುಮಾರು ಹನ್ನೆರಡು ವಾರಗಳ ಮೇಲೆ ಮಾಡುವ ಐಜಿಎಫ್-1 ಎಂಬ ರಕ್ತಪರೀಕ್ಷೆ. ಉಳಿದ ಚೂರನ್ನು ತೋರಿಸುವುದು ಅದೇ ಹೊತ್ತಿನ ಎಂ.ಆರ್.ಐ.; ಗಾಯದ ಊತ ಇಳಿಯುವ ಮೊದಲೇ ತೆಗೆದ ಚಿತ್ರ ದಾರಿ ತಪ್ಪಿಸಬಹುದೆಂದು ಅಷ್ಟು ದಿನ ಕಾಯುತ್ತಾರೆ.

ದರ್ಜೆಯು ಈ ಪಯಣಗಳನ್ನು ಅಳೆದುಕೊಡುವ ಸೇರು. 1ಎ ಎಂದು ಬರೆದು, ರಕ್ತಪರೀಕ್ಷೆಯೂ ಸರಿಯಾಗಿದ್ದರೆ, ವರ್ಷಕ್ಕೊಮ್ಮೆ, ಮುಂದೆ ಇನ್ನೂ ವಿರಳವಾಗಿ ಹೋದರೂ ನಡೆದೀತು. ರಕ್ತದ ಮಾದರಿಯನ್ನು ಊರಿನ ಪ್ರಯೋಗಾಲಯದಿಂದಲೇ ಕಳುಹಿಸಿ ವರದಿಯನ್ನು ತಜ್ಞರಿಗೆ ತಲುಪಿಸಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. 2ಬಿ ಎಂದಿದ್ದರೆ ಮಾತ್ರ ಸಾಲ ಮಾಡಿಯಾದರೂ ಹೋಗಬೇಕು. ಅಂಥವರಲ್ಲಿ ಉಳಿದ ಚೂರು ದೊಡ್ಡದಾಗುವ ಮೊದಲೇ ತಿಂಗಳಿಗೊಂದರಂತೆ ಚುಚ್ಚುಮದ್ದನ್ನೋ, ಕಿರಣ ಚಿಕಿತ್ಸೆಯನ್ನೋ, ಮರುಶಸ್ತ್ರಕ್ರಿಯೆಯನ್ನೋ ವೈದ್ಯರು ಯೋಚಿಸಬೇಕಾಗುತ್ತದೆ. ಮನೆಯವರು ಕೇಳಬೇಕಾದದ್ದು ಕ್ಯಾನ್ಸರೇ ಅಲ್ಲವೇ ಎಂದಲ್ಲ. ಪಕ್ಕಕ್ಕೆ ನುಗ್ಗಿತ್ತೇ, ಏನಾದರೂ ಉಳಿದಿದೆಯೇ, ಕೆಐ-67 ಎಷ್ಟು, ಮುಂದಿನ ಪರೀಕ್ಷೆ ಯಾವ ತಿಂಗಳು, ಇಷ್ಟು.

ದರ್ಜೆಗೆ ಸಂಬಂಧವಿಲ್ಲದ, ಆದರೆ ದೂರದ ಊರಿನವರು ಮರೆಯಬಾರದ ಒಂದೆರಡು ಮಾತುಗಳುಂಟು. ಶಸ್ತ್ರಕ್ರಿಯೆಯಾದ ಒಂದು ವಾರದ ಸುಮಾರಿಗೆ, ಅಂದರೆ ಮನೆ ಸೇರಿದ ಮೇಲೆ, ರಕ್ತದ ಉಪ್ಪಿನಂಶ ಕುಸಿದು ವಾಂತಿ, ತಲೆನೋವು, ಮಂಪರು ಬರಬಹುದು; ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ನೆಗಡಿಯೇ ಎಂದು ಕಷಾಯ ಕಾಯಿಸುತ್ತ ಕೂಡಬಾರದು; ಕೊಟ್ಟ ಸ್ಟಿರಾಯ್ಡ್ ಗುಳಿಗೆಯನ್ನು ವೈದ್ಯರು ಹೇಳದೆ ನಿಲ್ಲಿಸಲೇಬಾರದು. ಇವುಗಳಲ್ಲಿ ಯಾವುದು ಕಂಡರೂ ಕೂಡಲೆ ಆಸ್ಪತ್ರೆ.

ಮಾಸ್ತರ ವರದಿಯಲ್ಲಿದ್ದುದು 2ಎ. ಗಡ್ಡೆ ಪಕ್ಕಕ್ಕೆ ನುಗ್ಗಿತ್ತು, ಅವಸರದ್ದಾಗಿರಲಿಲ್ಲ. ಭಾವನ ಭಯ ಹೆಚ್ಚಾಯಿತು, ಮಾಸ್ತರ ಧೈರ್ಯವೂ ಹೆಚ್ಚಾಯಿತು. ನಡುವೆ ಸಿಕ್ಕಿದುದು ಆ ಮನೆಯಾಕೆಗೆ. ಆಕೆ ಎಂ.ಆರ್.ಐ. ತಟ್ಟೆಯನ್ನೂ ವರದಿಗಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಗಾಲದ ಥಂಡಿ ತಾಕದಂತೆ ಪಟ್ಟೆಸೀರೆಗಳ ಪೆಟ್ಟಿಗೆಯಲ್ಲಿಟ್ಟರು. ಹನ್ನೆರಡು ವಾರಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದರೆ ಶ್ರಾವಣದ ಎರಡನೆಯ ಸೋಮವಾರಕ್ಕೆ ಬಂದಿತು. “ಅಂದು ಶಾಲೆಯಲ್ಲಿ ಪರೀಕ್ಷೆ” ಎಂದು ಮಾಸ್ತರು ರಾಗ ಎಳೆದರು.

“ಪರೀಕ್ಷೆ ನಿಮಗೂ ಅಂದೇ” ಎಂದು ಆಕೆ ಆ ತಾರೀಖಿಗೆ ಕುಂಕುಮದ ಬೊಟ್ಟಿಟ್ಟು, ಬೆಳಗಿನ ರೈಲು ಎಷ್ಟು ಹೊತ್ತಿಗೆಂದು ಮಗನನ್ನು ಕೇಳಿದರು.